ಒಂದು ಹಳೆಯ ಕೋವಿಯ ಜೀರ್ಣೋದ್ಧಾರ



ಜೀರ್ಣೋದ್ಧಾರವೆಂದೊಡನೆ ದೇವಾಲಯ, ಕೆರೆ, ಬಾವಿಗಳು ನಮ್ಮ ನೆನಪಿಗೆ ಬರುವುದು ಸಹಜ. ಇಂದು ನಾವು ಹೇಳಹೊರಟಿರುವುದು ಅಷ್ಟು ದೊಡ್ಡ ವಿಷಯವಲ್ಲ. ಮೂರು ಮೊಳ ಉದ್ದದ ಒಂದು ಹಳೆಯ ಕೋವಿಯ ಮರ ಮುರಿದಿದ್ದಿತು. ಅದನ್ನು ಸರಿಪಡಿಸಬೇಕಾಗಿ ಬಂದಿತು. ಈ ಸಣ್ಣ ಕೆಲಸದಲ್ಲಿ ನಾವು ಎರಡು ಸಂಗತಿಗಳನ್ನು ಕಲಿತೆವು. ಅವುಗಳಲ್ಲಿ ಒಂದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಇನ್ನೊಂದು ನಾವು ಪ್ರೀತಿಯಿಂದ ಕಾಪಾಡುವ ಎಲ್ಲ ಹಳೆಯ ವಸ್ತುಗಳಿಗೂ ಸಂಬಂಧಪಟ್ಟದ್ದು. ಆದುದರಿಂದ ಮನೆಯಲ್ಲಿ ಕೋವಿಯಿಲ್ಲದವರಿಗೂ ಈ ಮಾತು ನಿರುಪಯೋಗಿಯಾಗಲಾರದೆಂದು ನಂಬಿದ್ದೇವೆ.

ಉತ್ತರಕನ್ನಡ ಜಿಲ್ಲೆಯ ದಾಂಡೇಲಿಗೆ ಸೇರಿದಂತೆಯೇ ಅಂಬೇವಾಡಿಯಿದೆ. ಅಳ್ನಾವರದ ಕಡೆಯಿಂದ ಬಂದ ರೈಲುದಾರಿ ಅಲ್ಲಿಗೆ ಮುಗಿಯುತ್ತದೆ. ಅನತಿದೂರದಲ್ಲಿ ಕಾಳೀನದಿ ಹರಿಯುತ್ತದೆ. ಪೂರ್ವಕ್ಕೆ ಹಳಿಯಾಳದ ಬಯಲು, ಕಬ್ಬು, ಭತ್ತ, ಗೋವಿನಜೋಳದ ಹೊಲಗಳು. ಪಶ್ಚಿಮಕ್ಕೆ ಜೋಯಿಡಾದ ದಟ್ಟವಾದ ಅಡವಿ. ಹೊಲವೂ ಅಡವಿಯೂ ಸಂಧಿಸುವ ಇಂಥ ಸ್ಥಳದಲ್ಲಿ ಬೆಳೆ ಕಾಯುವುದು ಬೆಳೆ ಬೆಳೆಯುವಷ್ಟೇ ಕಷ್ಟದ ಕೆಲಸ. ಕಾಡುಹಂದಿಯ ಹಿಂಡು ಒಂದು ರಾತ್ರಿ ಹೊಲಕ್ಕೆ ನುಗ್ಗಿತೆಂದರೆ ವರ್ಷದ ದುಡಿಮೆ ಬೆಳಗಾಗುವುದರೊಳಗೆ ನೆಲಸಮವಾಗುತ್ತದೆ. ಹೊಲದ ನಡುವೆ ಅಟ್ಟಣಿಗೆ, ಅಟ್ಟಣಿಗೆಯ ಮೇಲೊಂದು ದೀಪ, ದೀಪದ ಪಕ್ಕದಲ್ಲಿ ಒಂದು ಮದ್ದಿನ ಕೋವಿ, ಇದು ಈ ಸೀಮೆಯ ಒಕ್ಕಲಿಗನ ರಾತ್ರಿಯ ಸಂಸಾರವಾಗಿದ್ದಿತು.

ಮದ್ದಿನ ಕೋವಿಯೆಂದರೆ ಬಾಯಿಯಿಂದ ತುಂಬುವ ಕೋವಿ. ನಳಿಗೆಯ ಬಾಯಿಯಲ್ಲಿ ಮೊದಲು ಮದ್ದನ್ನು ಸುರಿದು, ತೆಂಗಿನ ನಾರನ್ನು ತುರುಕಿ, ಗಜವೆಂಬ ಉದ್ದನೆಯ ಕಡ್ಡಿಯಿಂದ ಜಡಿದು, ಮೇಲೆ ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ನಾರಿನಿಂದ ಬಿಗಿಯುತ್ತಾರೆ. ನಳಿಗೆಯ ಬುಡದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ಒಂದು ಮೊಲೆಯಿರುತ್ತದೆ. ಅದಕ್ಕೆ ತಾಮ್ರದ ಚಿಕ್ಕ ಕೇಪನ್ನು ತೊಡಿಸಿ ಕೀಲನ್ನು ಎಳೆದರೆ, ಕುದುರೆಯೆಂಬ ಸುತ್ತಿಗೆ ಕೇಪಿನ ಮೇಲೆ ಬಡಿದು ಕಿಡಿ ಒಳಕ್ಕೆ ಹೋಗುತ್ತದೆ. ಇದಕ್ಕೂ ಹಿಂದೆ ಚಕಮಕಿಕಲ್ಲಿನ ಕಿಡಿಯಿಂದಲೂ, ಅದಕ್ಕಿಂತ ಹಿಂದೆ ಉರಿಯುವ ಬತ್ತಿಯಿಂದಲೂ ಈ ಕಾರ್ಯವು ನಡೆಯುತ್ತಿದ್ದಿತು. ಬಡಿತದಿಂದ ಹೊತ್ತುವ ಮದ್ದಿನ ಉಪಾಯಕ್ಕೆ ೧೮೦೭ರಲ್ಲಿ ಸ್ವಾಮ್ಯಪತ್ರವನ್ನು ಪಡೆದವನು ಅಲೆಕ್ಸಾಂಡರ್ ಫೋರ್ಸೈತನೆಂಬ ಸ್ಕಾಟ್ಲೆಂಡಿನ ಪಾದ್ರಿ. ಚಕಮಕಿಯ ಬೆಳಕಿಗೆ ಹಕ್ಕಿಗಳು ಬೆದರಿ ಹಾರಿಹೋಗುತ್ತಿದ್ದುದು ಅವನ ಯೋಚನೆಗೆ ಕಾರಣವಾಯಿತೆಂದು ಹೇಳುತ್ತಾರೆ.

ಅಂಬೇವಾಡಿಯ ಸಮೀಪದಲ್ಲಿ ಹೊಲವುಳ್ಳ ನಮ್ಮ ಮಿತ್ರರೊಬ್ಬರು ಇಂಥ ಕೋವಿಯೊಂದನ್ನು, ಬೇಸಾಯವನ್ನು ಬಿಟ್ಟು ಪಟ್ಟಣಕ್ಕೆ ಹೊರಟ ನೆರೆಯವರೊಬ್ಬರಿಂದ ಕೊಂಡರು. ಕೊಂಡರೆಂದರೆ ಸಂತೆಯಲ್ಲಿ ಕುಡುಗೋಲು ಕೊಂಡ ಹಾಗಲ್ಲ. ನಮ್ಮ ನಾಡಿನಲ್ಲಿ ಕೋವಿಯ ಬೆನ್ನ ಹಿಂದೆ ಕಾಯಿದೆಯ ಉದ್ದವಾದ ಚರಿತ್ರೆಯಿದೆ. ೧೮೫೭ರಲ್ಲಿ ಆಯುಧಗಳನ್ನು ನೋಂದಾಯಿಸಬೇಕೆಂಬ ಕಾಯಿದೆ ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ತಲೆತಲಾಂತರದಿಂದ ಬಂದ ಆಯುಧಗಳನ್ನು ಒಪ್ಪಿಸಲಾರೆವೆಂದು ತಿರುಗಿ ನಿಂತು, ಊರನ್ನೂ ಪ್ರಾಣವನ್ನೂ ಕಳೆದುಕೊಂಡರು. ಅವರ ಮೇಲೆ ಕಟ್ಟಿದ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚು ಹಾಕಿಸಿದುದು ವಿದ್ವಾಂಸರಿಗೆ ತಿಳಿದ ವಿಷಯ. ೧೮೭೮ರ ಆಯುಧ ಕಾಯಿದೆ ಕಟ್ಟುಪಾಡನ್ನು ದೇಶಕ್ಕೆಲ್ಲ ಬಿಗಿಗೊಳಿಸಿತು. ಕೊಡಗಿನವರಿಗೆ ವಿನಾಯಿತಿ ದೊರೆಯಿತು. ಕೈಲ್ ಪೊಳ್ದಿನ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವ ಆ ಜನರಿಗೆ ಆ ವಿನಾಯಿತಿ ಇಂದಿಗೂ ನಡೆದುಬಂದಿದೆ. ಉಳಿದವರಿಗೆಲ್ಲ ೧೯೫೯ರ ಆಯುಧ ಕಾಯಿದೆಯೇ ಆಧಾರ. ಬೆಳೆಯ ರಕ್ಷಣೆಗಾಗಿ ಮದ್ದಿನ ಕೋವಿ ಬೇಕೆಂಬ ಒಕ್ಕಲಿಗನನ್ನು ಆ ಕಾಯಿದೆ ಪ್ರತ್ಯೇಕವಾಗಿ ಹೆಸರಿಸಿದೆ. ಒಬ್ಬರ ಸ್ವಂತ ಕೋವಿ ಇನ್ನೊಬ್ಬರ ಕೈಸೇರಬೇಕಾದರೆ ಕೊಳ್ಳುವವನಿಗೆ ಪರವಾನಗಿಯಿರಬೇಕು. ಮಾರುವವನು ಅಧಿಕಾರಿಗಳಿಗೆ ಮುಂಚಿತವಾಗಿ ಬರೆದು ತಿಳಿಸಿ ೪೫ ದಿನ ಕಾಯಬೇಕು.

ಅಂಬೇವಾಡಿಯವರಿಗೆ ಇನ್ನೂ ಒಂದು ಕಟ್ಟಳೆಯಿದೆ. ದಾಂಡೇಲಿಯ ಅರಣ್ಯವು ೧೯೫೬ರಲ್ಲಿ ವನ್ಯಧಾಮವಾಯಿತು. ೨೦೦೭ರಲ್ಲಿ ಅಣಶಿಯೊಡನೆ ಕೂಡಿ ಹುಲಿಗಳ ರಕ್ಷಿತಾರಣ್ಯವಾಯಿತು. ೨೦೧೫ರಿಂದ ಅದಕ್ಕೆ ಕಾಳಿಯ ಹೆಸರು ಬಂದಿದೆ. ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ವನ್ಯಧಾಮದ ೧೦ ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯಾಧಿಕಾರಿಗಳಲ್ಲಿಯೂ ನೋಂದಾಯಿಸಬೇಕು. ಈ ಎಲ್ಲ ವಿಧಿಗಳನ್ನೂ ಮುಗಿಸಿ, ಒಂದು ದಿನ ನಮ್ಮ ಮಿತ್ರರು ಗೋಣಿಚೀಲದಲ್ಲಿ ಸುತ್ತಿದ ಕೋವಿಯನ್ನು ಬಿಚ್ಚಿ ತೋರಿಸಿದಾಗ ಅದು ಎರಡು ತುಂಡಾಗಿದ್ದಿತು.

ಕೋವಿಯ ಮರದಲ್ಲಿ ಅತ್ಯಂತ ತೆಳ್ಳಗಿನ ಭಾಗ, ನಳಿಗೆ ಮುಗಿದು ಬುಡ ಆರಂಭವಾಗುವ ಎಡೆಯಲ್ಲಿ, ಬಲಗೈ ಹಿಡಿಯುವ ಸ್ಥಳ. ಅದನ್ನು ಮಣಿಕಟ್ಟೆಂದು ಕರೆಯೋಣ. ಈ ಕೋವಿ ಸರಿಯಾಗಿ ಮಣಿಕಟ್ಟಿನಲ್ಲಿ ಮುರಿದಿದ್ದಿತು. ಹಿಂದೆಯೂ ಒಮ್ಮೆ ಅಲ್ಲಿ ಸೀಳು ಬಿಟ್ಟು, ಊರ ಬಡಗಿಯೊಬ್ಬನು ಎರಡು ಕಬ್ಬಿಣದ ಮೊಳೆಗಳನ್ನು ಹೊಡೆದು, ಮೇಲೆ ಹಸಿಯ ತೊಗಲನ್ನು ಹೊಲಿದು ಬಿಗಿದಿದ್ದನು. ತೊಗಲು ಒಣಗಿ ಕಲ್ಲಿನಂತಾಗಿದ್ದಿತು. ಮೊಳೆಗಳು ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಮರವನ್ನು ಕರ್ರಗೆ ಮಾಡಿದ್ದವು.

ಕೋವಿಯ ದುರಸ್ತಿಗೂ ಕಾಯಿದೆಯ ಪ್ರಕಾರ ಪರವಾನಗಿ ಬೇಕು. ಆದುದರಿಂದ ನಾವು ಅದನ್ನು ಧಾರವಾಡದ ಕಡೆಯ ಒಬ್ಬ ವೃದ್ಧ ಕೆಲಸಗಾರರಲ್ಲಿಗೆ ಒಯ್ದೆವು. ಎಲ್ಲರೂ ಅವರನ್ನು ಮಿಸ್ತ್ರಿಯೆಂದೇ ಕರೆಯುತ್ತಾರೆ. ಮರಗೆಲಸದಲ್ಲಿ ನಮಗೆ ಮೊದಲಿನಿಂದಲೂ ಆಸಕ್ತಿಯಿರುವುದರಿಂದ, ಅವರ ಅಂಗಡಿಯಲ್ಲಿಯೇ ಅವರ ಕಣ್ಣೆದುರಿಗೆ ಕುಳಿತು ಕೈಯಾಸರೆ ಕೊಡುವೆವೆಂದು ಕೇಳಿಕೊಂಡೆವು. ಅವರು ನಕ್ಕು ಒಪ್ಪಿದರು.

ನಾವು ಮುರಿದ ಮರವನ್ನು ತೋರಿಸಹೋದಾಗ ಮಿಸ್ತ್ರಿಯವರು ಅದರ ಕಡೆ ನೋಡಲೇ ಇಲ್ಲ. ನಳಿಗೆಯ ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಒಂದು ಕಡ್ಡಿಯನ್ನು ಒಳಕ್ಕೆ ಇಳಿಬಿಟ್ಟು, ಬಾಯಿಯ ಅಂಚಿಗೆ ಉಗುರಿನಿಂದ ಗುರುತು ಮಾಡಿದರು. ಅನಂತರ ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಉದ್ದಕ್ಕೂ ಇಟ್ಟು ಅಳೆದರು. ನಳಿಗೆ ಬರಿದಾಗಿದ್ದರೆ ಕಡ್ಡಿಯ ತುದಿ ಮೊಲೆಯಿರುವ ಬುಡದವರೆಗೆ ಬರಬೇಕು. ಅದು ನಾಲ್ಕು ಬೆರಳು ಮೊದಲೇ ನಿಂತಿತು.

“ತುಂಬೈತ್ರೀ,” ಎಂದರು ಮಿಸ್ತ್ರಿಯವರು.

ಮಾರಿದವರು ಬರಿದೆಂದು ಹೇಳಿದ್ದರು. ಸುಳ್ಳು ಹೇಳುವ ಜನರಲ್ಲ, ಅವರಿಗೇ ಅದು ತಿಳಿದಿರಲಿಲ್ಲ. ಯಾವ ತಲೆಮಾರಿನವರು ಯಾವ ರಾತ್ರಿ ಹಂದಿಗೆಂದು ತುಂಬಿ, ಹಂದಿ ಬಾರದೆ ಹಾಗೆಯೇ ತಂದು ಗೂಟಕ್ಕೆ ತೂಗುಹಾಕಿದರೋ ಹೇಳುವವರಿಲ್ಲ. ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷವಾದರೂ ತನ್ನ ಗುಣವನ್ನು ಬಿಡುವುದಿಲ್ಲ. ಆ ಕೋವಿಯ ಕೆಳಗೆ ಮಕ್ಕಳು ಮಲಗಿದ್ದರು. ನಾವೇ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆವು. ಇದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಮಿಸ್ತ್ರಿಯವರು ನಳಿಗೆಗೆ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ನೆನೆಯಗೊಟ್ಟು, ಮರುದಿನ ತಿರುಪಿನ ಮುಳ್ಳುಳ್ಳ ಗಜದಿಂದ ಒಳಗಿನದನ್ನು ಹಿರಿದರು. ಕೊಳೆತ ನಾರು, ಬೂದಿಬಣ್ಣದ ಚರೆ, ಕೊನೆಗೆ ಕಪ್ಪು ಕೆಸರಿನಂಥ ಮದ್ದು ಹೊರಬಂದವು. ಶ್ರೋತೃಗಳಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಕೋವಿ ಗೋಡೆಯ ಮೇಲಿದ್ದರೆ ದಯಮಾಡಿ ಇದನ್ನು ನೆನಪಿಡಬೇಕು: ಅದು ಬರಿದೆಂಬ ಮಾತನ್ನು ಯಾರು ಹೇಳಿದರೂ ನಂಬಕೂಡದು, ನೀವಾಗಿಯೇ ತೆಗೆಯಹೋಗಲೂ ಕೂಡದು. ಬಲ್ಲವರ ಕೈಯಿಂದ ಅಳೆಯಿಸಿ ನೋಡಬೇಕು.

ಅನಂತರ ಮರದ ಸರದಿ ಬಂದಿತು. ತೊಗಲನ್ನು ಬಿಚ್ಚಿ ಮುರಿತದ ಮುಖವನ್ನು ಬೆಳಕಿಗೆ ಹಿಡಿದೆವು. ಬಿದ್ದೋ ಬಡಿದೋ ಮುರಿದ ಒಣಮರದಲ್ಲಿ ಎಳೆಗಳು ಉದ್ದುದ್ದವಾಗಿ ಸೀಳಿ ನಿಂತಿರುತ್ತವೆ. ಇಲ್ಲಿ ಹಾಗಿರಲಿಲ್ಲ. ಮುರಿತದ ಮುಖವೆಲ್ಲ ಕಪ್ಪಾಗಿ, ಮೆತ್ತಗಾಗಿ, ಉಗುರಿನಿಂದ ಒತ್ತಿದರೆ ಗುರುತು ಬೀಳುವಂತಿದ್ದಿತು. ಮೂಗಿಗೆ ಹಿಡಿದರೆ ಹಳೆಯ ದೀಪದ ವಾಸನೆ. ಇದನ್ನು ಕೆಡವಿ ಮುರಿದವರು ಯಾರಿರಬಹುದೆಂದು ನಾವು ಕೇಳಿದಾಗ ಮಿಸ್ತ್ರಿಯವರು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಹೇಳುತ್ತೇವೆ: “ಇದನ್ನ ಯಾರೂ ಮುರದಿಲ್ರೀ. ಎಣ್ಣಿ ಮುರದೈತಿ.”

ಸಂಗತಿ ಹೀಗಿದ್ದಿತು. ನಮ್ಮ ಕಡೆ ನವರಾತ್ರಿಯ ಒಂಬತ್ತನೆಯ ದಿನ ಖಂಡೇನವಮಿ. ನೇಗಿಲು, ಕುಡುಗೋಲು, ಕೊಡಲಿಗಳೊಡನೆ ಕೋವಿಯನ್ನೂ ತೊಳೆದು ಪೂಜಿಸುತ್ತಾರೆ. ಆ ದಿನ ಮನೆಯ ಯಜಮಾನನು ಕೋವಿಗೆ ಕುಸುಬಿಯ ಎಣ್ಣೆಯನ್ನು ಧಾರಾಳವಾಗಿ ಹಚ್ಚುತ್ತಾನೆ. ಕುದುರೆಯ ಸಂದಿಗೆ ಸ್ವಲ್ಪ ಹೆಚ್ಚಾಗಿಯೇ ಬಿಡುತ್ತಾನೆ. ಪೂಜೆಯಾದ ಮೇಲೆ ನಳಿಗೆ ಮೇಲಾಗಿ, ಬುಡ ಕೆಳಗಾಗಿ ಗೋಡೆಗೆ ತೂಗುಹಾಕುತ್ತಾನೆ. ನಳಿಗೆಗೂ ಕುದುರೆಗೂ ಹಚ್ಚಿದ ಎಣ್ಣೆಯೆಲ್ಲ ವರ್ಷವಿಡೀ ಮೆಲ್ಲಮೆಲ್ಲನೆ ಕೆಳಕ್ಕಿಳಿದು ಮಣಿಕಟ್ಟಿನಲ್ಲಿ ಸೇರುತ್ತದೆ. ಅಲ್ಲಿ ಕೀಲುಗಳನ್ನು ಕೂರಿಸಲು ಮರವನ್ನು ಕೊರೆದಿರುವುದರಿಂದ ಒಳಗಿನ ಎಳೆಗಳು ಬಾಯ್ದೆರೆದುಕೊಂಡಿರುತ್ತವೆ. ಎಣ್ಣೆಯನ್ನು ಬತ್ತಿಯಂತೆ ಹೀರುತ್ತವೆ. ವರ್ಷಗಳು ಕಳೆದಂತೆ ಮರ ತನ್ನ ಬಿಗಿಯನ್ನು ಕಳೆದುಕೊಂಡು ಮೆತ್ತಗಾಗುತ್ತದೆ. ಮೊದಲು ಸೀಳು, ಆಮೇಲೆ ಮೊಳೆ, ಮೊಳೆಯ ತುಕ್ಕು, ಕೊನೆಗೆ ಮುರಿತ. ಅಲಕ್ಷ್ಯದಿಂದ ಮೂಲೆಗೆ ಎಸೆದಿದ್ದರೆ ಈ ಕೋವಿಗೆ ತುಕ್ಕು ಹಿಡಿಯುತ್ತಿದ್ದಿತು, ನಿಜ. ಆದರೆ ಅದರ ಮಣಿಕಟ್ಟು ಮುರಿದದ್ದು ಮಾತ್ರ ವರ್ಷವರ್ಷವೂ ತಪ್ಪದೆ ನಡೆದ ಆರೈಕೆಯಿಂದ.

ಈಗ ಮಾಡಬೇಕಾದುದೇನೆಂಬ ವಿಷಯದಲ್ಲಿ ನಮಗೂ ಮಿಸ್ತ್ರಿಯವರಿಗೂ ಸ್ವಲ್ಪ ವಾದವಾಯಿತು. ಹಳೆಯ ಮರವನ್ನು ಒಲೆಗೆ ಹಾಕಿ, ಹೊಸ ಸಾಗವಾನಿಯ ಮರವನ್ನು ಕೆತ್ತಿಕೊಡುವುದು ಸುಲಭವೆಂದೂ ಅಗ್ಗವೆಂದೂ ಅವರು ಹೇಳಿದರು. ಹಳಿಯಾಳ ದಾಂಡೇಲಿಗಳ ಸಾಗವಾನಿ ಹೆಸರಾದುದು. ಊರಿನ ಮರದಲ್ಲಿ ಊರಿನ ಕೋವಿ ಎಂಬ ಮಾತು ನಮ್ಮ ಮಿತ್ರರಿಗೂ ಹಿಡಿಸಿತು. ಆದರೆ ಸಾಗವಾನಿ ಬಾಗಿಲು ತೊಲೆಗಳಿಗೆ ಉತ್ತಮವಾದರೂ ಪೆಟ್ಟನ್ನು ತಾಳುವುದರಲ್ಲಿ ಅಕ್ರೋಟಿನ ಸಮವಲ್ಲ. ಈ ಕೋವಿಯ ಮರ ಅಕ್ರೋಟು. ನಳಿಗೆ ೩೯ ಅಂಗುಲ. ಅದರ ಸುತ್ತಲೂ ಮೂರು ಪಟ್ಟಿಗಳಿದ್ದುದರ ಗುರುತು ಇದ್ದಿತು. ಮುಂಭಾಗದ ಮರವನ್ನು ಯಾರೋ ಭಾರ ಕಡಿಮೆಯಾಗಲೆಂದು ಕತ್ತರಿಸಿದ್ದರು. ೧೮೫೩ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ಆಕಾರ ಇದೇ. ಆ ಬಂದೂಕಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ಬಿಡುವ ಮೂರು ಸುತ್ತುಗೆರೆಗಳಿರುತ್ತಿದ್ದವು. ಅದರ ತೋಟೆಗೆ ಸವರಿದ ಕೊಬ್ಬಿನ ಸುದ್ದಿ ೧೮೫೭ರ ದಂಗೆಗೆ ಒಂದು ಕಾರಣವಾಯಿತೆಂಬುದು ಎಲ್ಲರಿಗೂ ಗೊತ್ತು. ದಂಗೆಯ ತರುವಾಯ ಹಿಂದೂಸ್ಥಾನದ ಸಿಪಾಯಿಗಳ ಕೈಗೆ ಸುತ್ತುಗೆರೆಯಿಲ್ಲದ, ನುಣುಪು ನಳಿಗೆಯ ಬಂದೂಕುಗಳನ್ನೇ ಕೊಟ್ಟರು. ದೂರಕ್ಕೆ ಗುರಿಯಿಡುವ ಶಕ್ತಿ ಅವರಿಗೆ ಬೇಡವೆಂದು. ನಮ್ಮ ಕೋವಿಯ ನಳಿಗೆಯೂ ನುಣುಪಾಗಿಯೇ ಇದ್ದಿತು. ತಯಾರಿಸಿದವರ ಮುದ್ರೆ ಸವೆದುಹೋಗಿದ್ದುದರಿಂದ ಅದರ ಕುಲಗೋತ್ರವನ್ನು ನಿಶ್ಚಯಿಸುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಆದರೆ ಇಷ್ಟೆಲ್ಲ ಮಾತನ್ನು ಆಡಿಸಬಲ್ಲ ಮರವನ್ನು ಒಲೆಗೆ ಹಾಕಲು ಮನಸ್ಸೊಪ್ಪಲಿಲ್ಲ. ಕೊನೆಗೆ ಮಿಸ್ತ್ರಿಯವರೇ, “ಆತು, ಹಳೇದನ್ನ ಎಬ್ಬಸೂಣು; ಆದ್ರ ಅವಸರಾ ಮಾಡಬ್ಯಾಡ್ರಿ,” ಎಂದರು.

ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಆದುದರಿಂದ ಮೊದಲನೆಯ ಕೆಲಸ ಎಣ್ಣೆಯನ್ನು ಹೊರತೆಗೆಯುವುದು. ಮೊಳೆಗಳನ್ನು ಕಿತ್ತು, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟಿನಲ್ಲಿ ಕಲಸಿ, ಮುರಿದ ಎರಡು ಮುಖಗಳಿಗೂ ದಪ್ಪನಾಗಿ ಮೆತ್ತಿ ಬಿಸಿಲಿಗಿಟ್ಟೆವು. ಬಿಸಿಲಿಗೆ ಮರದೊಳಗಿನ ಎಣ್ಣೆ ಮೇಲಕ್ಕೆ ಬಂದು ಸುಣ್ಣದಲ್ಲಿ ಸೇರುತ್ತದೆ; ಬಿಳಿಯ ಲೇಪ ಸಂಜೆಗೆ ಹಳದಿಯಾಗುತ್ತದೆ. ಅದನ್ನು ಕೆರೆದು ಹೊಸ ಲೇಪ. ಹೀಗೆ ಹನ್ನೊಂದು ದಿನವಾದ ಮೇಲೆ ಲೇಪ ಬಿಳಿಯಾಗಿಯೇ ಉಳಿಯಿತು. ಬಡಗಿಗಳು ಹಿಂದೆ ಬಳಸುತ್ತಿದ್ದ ಸರೇಸು ನಮ್ಮ ಮಳೆಗಾಲದ ತೇವಕ್ಕೆ ಸಡಿಲುವ ಭಯವಿದ್ದುದರಿಂದ ಈಗ ದೊರೆಯುವ ಎಪಾಕ್ಸಿ ಅಂಟನ್ನು ಆರಿಸಿಕೊಂಡೆವು. ಮುರಿತದ ನಡುವೆ, ಹೊರಗೆ ಕಾಣದಂತೆ, ತಿರುಪು ಕೊರೆದ ಹಿತ್ತಾಳೆಯ ಸರಳೊಂದನ್ನು ಎರಡು ಕಡೆಗೂ ಇಳಿಸಿದೆವು. ಹಿತ್ತಾಳೆ ಕಬ್ಬಿಣದಂತೆ ತುಕ್ಕು ಹಿಡಿದು ಉಬ್ಬುವುದಿಲ್ಲ. ದುಂಡಾದ ಮಣಿಕಟ್ಟಿಗೆ ಇಕ್ಕಳ ನಿಲ್ಲುವುದಿಲ್ಲ. ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಎಳೆದೆಳೆದು ಸುತ್ತಿದರೆ ಅದಕ್ಕಿಂತ ಸಮನಾದ ಬಿಗಿ ಇನ್ನೊಂದಿಲ್ಲ. ಮೊಳೆಗಳು ಕೊರೆದು ಕೆಡಿಸಿದ್ದ ಕಡೆ ಹಳೆಯ ಅಕ್ರೋಟಿನ ಚೂರನ್ನು ಎಳೆಗೆ ಎಳೆ ಕೂಡುವಂತೆ ಕೂರಿಸಿದೆವು. ಕೊನೆಗೆ ಅಗಸೆಯ ಎಣ್ಣೆಯನ್ನು ಅಂಗೈಯಿಂದ ತೆಳ್ಳಗೆ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಿದೆವು. ಎಣ್ಣೆಯಿಂದ ಕೆಟ್ಟ ಮರಕ್ಕೆ ಎಣ್ಣೆಯೇ ಎಂದು ತಾವು ಕೇಳಬಹುದು. ಅಗಸೆಯ ಎಣ್ಣೆ ಗಾಳಿಗೆ ಒಣಗಿ ತೆಳ್ಳನೆಯ ಪೊರೆಯಾಗುತ್ತದೆ. ಹನಿಹನಿಯಾಗಿ ಮೇಲ್ಮೈಗೆ ಹಚ್ಚಿದರೆ ಒಳಕ್ಕಿಳಿಯುವುದಿಲ್ಲ. ಔಷಧಕ್ಕೂ ವಿಷಕ್ಕೂ ಇಲ್ಲಿ ಅಂತರವಿರುವುದು ಪ್ರಮಾಣದಲ್ಲಿ.

ಮರವೇನೋ ಗಟ್ಟಿಯಾಯಿತು. ತೊಗಲು ಬಿಗಿದಿದ್ದ ಗುರುತನ್ನೂ, ನೂರಾರು ಕೈಗಳು ಹಿಡಿದು ನುಣುಪಾದ ಹೊಳಪನ್ನೂ ನಾವು ಉಜ್ಜಿ ತೆಗೆಯಲಿಲ್ಲ. ಆದರೆ ನಳಿಗೆಯನ್ನು ಮತ್ತೆ ಕೂರಿಸುವುದಕ್ಕೆ ಮೊದಲು ಅದರ ತಳಭಾಗವನ್ನು ನೋಡಿದಾಗ ನಮ್ಮ ಸಂತೋಷ ಕುಗ್ಗಿತು. ಕರಿಮದ್ದು ಉರಿದ ಮೇಲೆ ಉಳಿಯುವ ಕಿಟ್ಟಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಮೊಲೆಯ ಸಂದಿಯಿಂದ ಇಳಿದ ಆ ಕಿಟ್ಟ ಮರದ ಮರೆಯಲ್ಲಿ ಕುಳಿತು, ಮದ್ದಿನ ಪೂರ್ತಿ ಒತ್ತಡ ಬೀಳುವ ಬುಡದಲ್ಲಿಯೇ ಕಬ್ಬಿಣವನ್ನು ಸಿಡುಬಿನ ಕಲೆಗಳಂತೆ ತಿಂದುಹಾಕಿದ್ದಿತು. ಹೊರಗಿನಿಂದ ಇದು ಯಾರಿಗೂ ಕಾಣುವಂತಿರಲಿಲ್ಲ. ಮಿಸ್ತ್ರಿಯವರು ಒಂದು ಕುಳಿಯೊಳಗೆ ಸೂಜಿಯನ್ನು ಇಳಿಸಿ ನೋಡಿ, ಈ ಕೋವಿಯನ್ನು ಇನ್ನು ಹಾರಿಸಕೂಡದೆಂದು ಖಂಡಿತವಾಗಿ ಹೇಳಿದರು.

ನಮ್ಮ ಮಿತ್ರರ ಮುಖ ಬಾಡಿತು. ಅವರಿಗೆ ಬೇಕಾಗಿದ್ದುದು ಕಪಾಟಿನ ಅಲಂಕಾರವಲ್ಲ. ಹೊಲದಲ್ಲಿ ಗೋವಿನಜೋಳ ತೆನೆಗಟ್ಟುತ್ತಿದ್ದಿತು. ಚರೆಯಿಲ್ಲದೆ ಬರಿಯ ಮದ್ದನ್ನು ಅರ್ಧ ಅಳತೆಯಲ್ಲಿ ಹಾಕಿ, ಸದ್ದಿಗೆ ಮಾತ್ರ ಹಾರಿಸಬಹುದಲ್ಲವೆ ಎಂದು ಎರಡು ಸಲ ಕೇಳಿದರು. ಮಿಸ್ತ್ರಿಯವರು ಉತ್ತರ ಕೊಡದೆ ತಮ್ಮ ಎಡಗೈಯನ್ನು ಮುಂದೆ ಚಾಚಿದರು. ಅದರಲ್ಲಿ ಕಿರುಬೆರಳು ಇರಲಿಲ್ಲ. ಮತ್ತೆ ಯಾರೂ ಆ ಮಾತನ್ನು ಎತ್ತಲಿಲ್ಲ. ಆ ವರ್ಷದ ಬೆಳೆಯನ್ನು ಅವರು ಅಟ್ಟಣಿಗೆ, ತಗಡಿನ ಡಬ್ಬಿ, ಬ್ಯಾಟರಿ ದೀಪಗಳಿಂದಲೇ ಕಾದರು. ಸ್ವಲ್ಪ ಉಳಿಯಿತು, ಸ್ವಲ್ಪ ಹೋಯಿತು. ಈಗ ಹೊಲದ ಸುತ್ತಲೂ ಸೂರ್ಯಶಕ್ತಿಯ ಬೇಲಿಯನ್ನು ಹಾಕಿಸಿದ್ದಾರೆ. ಕೋವಿ ಹಾರದಿದ್ದರೂ ಪರವಾನಗಿಯ ಪುಸ್ತಕದಲ್ಲಿ ಅದರ ಹೆಸರು ಹಾಗೆಯೇ ಇದೆ. ದುರಸ್ತಿ ಮಾಡಿದರೂ ಹಾರಲಾರದಂಥ ಹಳೆಯ ಆಯುಧಕ್ಕೆ ಮಾತ್ರ ಕಾಯಿದೆಯಲ್ಲಿ ವಿನಾಯಿತಿಯಿರುವುದು. ಇದು ಆ ಜಾತಿಗೆ ಸೇರಿದುದಲ್ಲ.

ಖಂಡೇನವಮಿಯ ದಿನ ನಮಗೆ ಕರೆ ಬಂದಿತು. ಪೂಜೆ ಮುಗಿದ ಮೇಲೆ ಮಿತ್ರರು ಬಟ್ಟೆಯ ಚೂರಿಗೆ ನಾಲ್ಕು ಹನಿ ಎಣ್ಣೆಯನ್ನು ಮುಟ್ಟಿಸಿ ನಳಿಗೆಯನ್ನು ಒರಸಿ, ಮಿಸ್ತ್ರಿಯವರು ಹೇಳಿಕೊಟ್ಟಂತೆ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಹೋದರು. ಹೆಚ್ಚಾದ ಎಣ್ಣೆ ಹಾಗಾದರೆ ಮರಕ್ಕೆ ಇಳಿಯುವುದಿಲ್ಲ. ಅಷ್ಟರಲ್ಲಿ ಅವರ ತಾಯಿಯವರು ಒಳಗಿನಿಂದ ಬಂದು, “ಬ್ಯಾಡೋ ತಮ್ಮಾ, ಪೂಜೀ ಮಾಡಿದ ಆಯುಧಾನ ತಲಿಕೆಳಗ ಮಾಡಬಾರದು,” ಎಂದರು. ಮಿತ್ರರು ನಮ್ಮ ಮುಖವನ್ನು ನೋಡಿದರು. ಎಣ್ಣೆ ಮಣಿಕಟ್ಟಿಗೆ ಇಳಿದ ಕಥೆಯನ್ನು ನಾವು ಆ ತಾಯಿಗೆ ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಮಾವನವರೂ ಗಂಡನೂ ತಮ್ಮ ಮನೆಯ ಕೋವಿಗೆ ಹಾಗೆಯೇ ಎಣ್ಣೆಯೆರೆಯುತ್ತಿದ್ದರೆಂದೂ, ಅದೂ ಅದೇ ಸ್ಥಳದಲ್ಲಿ ಮುರಿಯಿತೆಂದೂ, ಆಗ ಎಲ್ಲರೂ ದೃಷ್ಟಿಯಾಯಿತೆಂದು ತಿಳಿದರೆಂದೂ ಹೇಳಿದರು. ಆಮೇಲೆ ತಾವೇ ಒಂದು ಉಪಾಯವನ್ನು ಸೂಚಿಸಿದರು: “ತಲಿಕೆಳಗೂ ಬ್ಯಾಡ, ನೆಟ್ಟಗೂ ಬ್ಯಾಡ. ಮಲಗಿಸಿಬಿಡ್ರಿ.”

ಗೋಡೆಗೆ ಎರಡು ಗೂಟಗಳನ್ನು ಸಮನಾಗಿ ಬಡಿದು, ನಳಿಗೆಯ ಕಡೆ ಒಂದು ಬೆರಳಿನಷ್ಟು ತಗ್ಗಾಗುವಂತೆ ಕೋವಿಯನ್ನು ಅಡ್ಡಲಾಗಿ ಮಲಗಿಸಿದೆವು. ಶಾಸ್ತ್ರಕ್ಕೂ ಭಂಗವಿಲ್ಲ, ಮರಕ್ಕೂ ಹಾನಿಯಿಲ್ಲ. ನಮ್ಮ ಹಿರಿಯರಿಂದ ಬಂದ ವಸ್ತುಗಳನ್ನು ಕಾಪಾಡುವುದಕ್ಕೆ ಭಕ್ತಿ ಬೇಕು. ಎಣ್ಣೆ ಎಲ್ಲಿಗೆ ಇಳಿಯುತ್ತದೆಂಬ ತಿಳಿವಳಿಕೆಯೂ ಬೇಕು.